ಕಿಟಕಿ ಸೀಟಿನ ಆಯುತ್ಥಾಯ

ನಮ್ಮ ಸೊಸೈಟಿಯ ಇಪ್ಪತ್ತೆಂಟು ಮನೆಗಳಲ್ಲಿ ಸುತ್ತಿಗೆ ಇರುವುದು ನನ್ನೊಬ್ಬನ ಮನೆಯಲ್ಲಿ. ಬ್ಯಾಂಕ್ ಕೆಲಸ ಸಿಕ್ಕಿ ಮೈಸೂರಿನಿಂದ ಡೊಂಬಿವಲಿಗೆ ಹೊರಟಾಗ ನನ್ನ ತಂದೆ ಟ್ರಂಕಿನ ತಳದಲ್ಲಿಟ್ಟು ಕಳಿಸಿದ ಸುತ್ತಿಗೆ ಅದು. ಹೀಗಾಗಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಮೊದಲು ತಿಳಿಯುವುದು ನನಗೆ. ಗೋಡೆಗೆ ಮೊಳೆ ಹೊಡೆಯದೆ ಮನುಷ್ಯನ ಬಾಳಿನಲ್ಲಿ ದೊಡ್ಡ ಸಂಗತಿ ಯಾವುದೂ ನಡೆಯುವುದಿಲ್ಲ. ಮದುವೆಯಾದರೆ ಒಂದು ಮೊಳೆ, ಮಗು ಹುಟ್ಟಿದರೆ ಒಂದು ಮೊಳೆ, ಹಿರಿಯರು ಹೋದರೆ ಇನ್ನೊಂದು.

2014ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯ ಜಯಶೀಲ ಬಂಗೇರರು ನಮ್ಮ ಬಾಗಿಲು ತಟ್ಟಿದರು.

"ನಂಜುಂಡ ರಾಯರೇ, ಸುತ್ತಿಗೆ ಉಂಟಾ?"

"ಇದೆ. ಏನ್ರೀ ವಿಶೇಷ?"

"ಒಂದು ಫೋಟೊ ಹಾಕ್ಲಿಕ್ಕುಂಟು."

"ಯಾರದ್ದು?"

"ನಮ್ಮಿಬ್ಬರದ್ದು. ವಿನೋದಾಳದ್ದು, ನನ್ನದು."

"ಎಲ್ಲಿ ತೆಗೆಸಿದ್ದು?"

"ತೆಗೆಸ್ಲಿಕ್ಕೆ ಇನ್ನು ಬಾಕಿ ಉಂಟು ಮಾರಾಯ್ರೆ" ಎಂದು ಬಂಗೇರರು ಸುತ್ತಿಗೆ ಎತ್ತಿಕೊಂಡು ಹೋದರು.

ಇಲ್ಲದ ಫೋಟೊಗೆ ಮೊಳೆ ಹೊಡೆಯುವ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ವಿಷಯ ತಿಳಿಯಿತು. ಬಂಗೇರ ದಂಪತಿಗಳ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಅದಕ್ಕಾಗಿ ಐದು ರಾತ್ರಿ ಆರು ಹಗಲಿನ ಬ್ಯಾಂಕಾಕ್ ಪ್ರವಾಸ. ಐದು ದಿನ ಹೊಸ ಪಟ್ಟಣ, ಒಂದು ದಿನ ಆಯುತ್ಥಾಯ ಎಂಬ ಹಳೇ ರಾಜಧಾನಿಯ ಪಾಳುಗಳು. ವಿನೋದಾ ಅವರ ಅಕ್ಕ ವಾರಿಜಾ ಇಲ್ಲಿಂದ ಒಂದೂವರೆ ಗಂಟೆ ದೂರದ ಕಾಮೋಠೆಯಲ್ಲಿದ್ದಾರೆ. ಅವರ ಮನೆಯ ಹಾಲ್ ಗೋಡೆಯ ಮೇಲೆ ವಾರಿಜಕ್ಕ ಮತ್ತು ಅವರ ಗಂಡ ಸಿಂಗಾಪುರದ ಸಿಂಹದ ಮುಂದೆ ನಿಂತಿರುವ ಒಂದು ಫೋಟೊ, ದುಬೈಯ ಎತ್ತರದ ಕಟ್ಟಡದ ಮುಂದೆ ನಿಂತಿರುವ ಇನ್ನೊಂದು ಫೋಟೊ ಇವೆ. ಹನ್ನೊಂದು ವರ್ಷಗಳಿಂದ ವಿನೋದಾ ಆ ಸಿಂಹದ ಕೆಳಗೆ ಕುಳಿತು ಚಾ ಕುಡಿದು ಬರುತ್ತಿದ್ದರು. ಪ್ರವಾಸಕ್ಕೆ ಅವರು ಹಾಕಿದ ಕರಾರು ಒಂದೇ.

"ನನಗೆ ಶಾಪಿಂಗ್ ಬೇಡ, ಎಂತದೂ ಬೇಡ. ಒಂದು ಫೋಟೊ. ನಾವಿಬ್ಬರು, ಹಿಂದೆ ಹಳೇ ದೇವಸ್ಥಾನ. ಸಿಂಹ, ಕಟ್ಟಡ ಎಲ್ಲ ಅಕ್ಕನದ್ದಾಯ್ತು. ದೇವಸ್ಥಾನ ನಮ್ಮದು."

ಬಂಗೇರರು ಒಪ್ಪಿದರು. ಒಪ್ಪಿದ್ದು ಗಟ್ಟಿ ಎಂದು ತೋರಿಸಲು ಅಂದೇ ಮೊಳೆ ಹೊಡೆದರು. ಚೌಕಟ್ಟನ್ನೂ ತಂದಿಟ್ಟರು. ಸುತ್ತಿಗೆ ಮಾತ್ರ ನನಗೆ ವಾಪಸ್ ಬರಲಿಲ್ಲ.

ಇಲ್ಲಿ ಬಂಗೇರರ ಬಗ್ಗೆ ಎರಡು ಮಾತು ಹೇಳಬೇಕು. ಉಡುಪಿಯ ಕಡೆಯವರು, ಫೋರ್ಟಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷದ ಸರ್ವಿಸು. ನಾವಿಬ್ಬರೂ ಕಲ್ಯಾಣದಿಂದ ಬೆಳಿಗ್ಗೆ ಎಂಟು ಗಂಟೆ ಎರಡು ನಿಮಿಷಕ್ಕೆ ಹೊರಡುವ, ಎಂಟು ಎರಡರ ಲೋಕಲ್ ರೈಲು ಹಿಡಿಯುವವರು. ಡೊಂಬಿವಲಿಯಲ್ಲಿ ಹತ್ತಿದರೆ ಕೂರುವುದಿರಲಿ, ಎರಡು ಕಾಲೂ ಒಟ್ಟಿಗೆ ಊರಲು ಜಾಗ ಸಿಗುವುದಿಲ್ಲ. ಅದಕ್ಕಾಗಿ ತಿಳಿದವರು ಅದೇ ಗಾಡಿ ಕಲ್ಯಾಣದ ಕಡೆ ಖಾಲಿ ಹೋಗುವಾಗಲೇ ಹತ್ತಿ ಕುಳಿತು, ಉಲ್ಟಾ ಹೋಗಿ, ಕುಳಿತಲ್ಲಿಂದ ಏಳದೆ ವಾಪಸ್ ಬರುತ್ತಾರೆ. ಇದಕ್ಕೆ ರಿಟರ್ನ್ ಎನ್ನುತ್ತೇವೆ. ಗಾಡಿ ನಿಲ್ಲುವ ಮೊದಲೇ ಹಾರಿ ಒಳಹೊಕ್ಕು, ಕಿಟಕಿಗೆ ತಾವು, ಪಕ್ಕಕ್ಕೆ ಕರ್ಚೀಫು, ಎದುರಿಗೆ ಊಟದ ಡಬ್ಬಿ ಎಸೆದು ಮೂವರ ಜಾಗ ಹಿಡಿಯುವುದರಲ್ಲಿ ಬಂಗೇರರನ್ನು ಮೀರಿಸುವವರು ಇಡೀ ಸೆಂಟ್ರಲ್ ಲೈನಿನಲ್ಲಿ ಇಲ್ಲ. ಕಿಟಕಿ ಸಿಕ್ಕ ಮರುಗಳಿಗೆ ಅವರಿಗೆ ನಿದ್ದೆ. ಇಳಿಯುವ ಜಾಗ ಹತ್ತಿರವಾಗಿ ಗಾಡಿ ಭಾಯಖಳಾ ಸ್ಟೇಷನ್ ದಾಟಿದ ಕೂಡಲೇ ಎಚ್ಚರ. ಇಪ್ಪತ್ತಾರು ವರ್ಷ ಕಿಟಕಿಯ ಪಕ್ಕದಲ್ಲೇ ಕುಳಿತ ಅವರು ಕಿಟಕಿಯ ಆಚೆ ಏನಿದೆ ಎಂದು ಒಮ್ಮೆಯೂ ನೋಡಿದವರಲ್ಲ.

ಈ ಗುಣವನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಹೋದರು, ಬಂದರು. ಬಂದ ದಿನವೇ ಕಾಮೋಠೆಯಿಂದ ಫೋನು. ನಾನು ಸುತ್ತಿಗೆ ಕೇಳಲೆಂದು ಅಲ್ಲೇ ನಿಂತಿದ್ದೆ, ಹಾಗಾಗಿ ಎಲ್ಲ ಕೇಳಿಸಿತು.

"ಭಾವ, ದೇವಸ್ಥಾನ ಎಲ್ಲ ನೋಡಿದ್ರಾ?" ಎಂದಿತು ವಾರಿಜಕ್ಕನ ಧ್ವನಿ.

"ನೋಡದೆ ಎಂತ! ಒಂದೊಂದು ಇಟ್ಟಿಗೆ ನೋಡಿದ್ದೇನೆ!" ಎಂದರು ಬಂಗೇರರು.

ಅಡುಗೆಮನೆಯಲ್ಲಿ ಒಂದು ಪಾತ್ರೆ ದೊಡ್ಡ ಸದ್ದು ಮಾಡಿ ಬಿತ್ತು. ಅದು ತಾನಾಗಿ ಬಿದ್ದದ್ದಲ್ಲ ಎಂದು ಸಂಸಾರಸ್ಥನಾದ ನನಗೆ ಗೊತ್ತಾಯಿತು. ಗೋಡೆ ನೋಡಿದೆ. ಮೊಳೆ ಖಾಲಿಯಾಗಿತ್ತು. ಸುತ್ತಿಗೆ ಕೇಳುವ ಸಮಯ ಇದಲ್ಲ ಎಂದು ಹಿಂದಿರುಗಿದೆ.

ಆ ಒಂದು ಸುಳ್ಳು ಅಲ್ಲಿಗೇ ನಿಂತಿದ್ದರೆ ಊರು ತಣ್ಣಗಿರುತ್ತಿತ್ತು. ಆದರೆ ವಾರಿಜಕ್ಕ ಅದನ್ನು ಮುರಾರಿ ಶೆಟ್ಟರಿಗೆ ಹೇಳಿದರು. ಶೆಟ್ಟರಿಗೆ ಕಲ್ಯಾಣದಲ್ಲಿ ಹೋಟೆಲು, ಡೊಂಬಿವಲಿಯಲ್ಲಿ ಕನ್ನಡಿಗರ ಸ್ನೇಹಕೂಟದ ಅಧ್ಯಕ್ಷಗಿರಿ. ಕೂಟದ ಪದ್ಧತಿಯಂತೆ ಪ್ರತಿ ತಿಂಗಳೂ ಒಬ್ಬರಿಗೆ ಶಾಲು ಹೊದೆಸಿ ಸನ್ಮಾನಿಸಲೇಬೇಕು. ಹದಿನಾಲ್ಕು ವರ್ಷಗಳಲ್ಲಿ ಸದಸ್ಯರೆಲ್ಲರಿಗೂ ಒಂದೊಂದು ಸುತ್ತು ಆಗಿಹೋಗಿ, ಈಗ ಜನ ಸಿಗುವುದೇ ಕಷ್ಟವಾಗಿತ್ತು. ಕೂಟಕ್ಕೆ ಗೋಡೆ ಗಡಿಯಾರ ಕೊಟ್ಟದ್ದಕ್ಕೆ ನನಗೊಮ್ಮೆ, ಅದು ನಿಂತಾಗ ಸೆಲ್ ಹಾಕಿದ್ದಕ್ಕೆ ಇನ್ನೊಮ್ಮೆ ಆಗಿತ್ತು. ಇಂಥ ಬರಗಾಲದಲ್ಲಿ ಬಂಗೇರರು ಸಿಕ್ಕಿದ್ದು ಶೆಟ್ಟರಿಗೆ ಹೋದ ಜೀವ ಬಂದ ಹಾಗಾಯಿತು.

"ಇಪ್ಪತ್ಮೂರಕ್ಕೆ ಭಾಷಣ, ಒಂದು ಗಂಟೆ. 'ಆಯುತ್ಥಾಯದ ಅವಶೇಷಗಳ ನಡುವೆ'. ಪರದೆಯ ಮೇಲೆ ಫೋಟೊ ಸಮೇತ" ಎಂದು ಅವರೇ ನಿಶ್ಚಯಿಸಿ, ಕಾರ್ಡು ಅಚ್ಚು ಹಾಕಿಸಿ, ಅದರ ಮೇಲೆ ಬಂಗೇರರನ್ನು ಇತಿಹಾಸಪ್ರಿಯರು ಎಂದು ಕರೆದು, ಬಂಗೇರರಿಗೂ ಒಂದು ಕಾರ್ಡು ಕಳಿಸಿದರು.

ಇದೇ ಹೊತ್ತಿಗೆ ಬಂಗೇರರ ಮಗಳು ನಿಕಿತಾ ಪ್ರವಾಸದ ಇನ್ನೂರ ಹದಿನಾಲ್ಕು ಫೋಟೊಗಳನ್ನು ಫೇಸ್‌ಬುಕ್ಕಿಗೆ ಹಾಕಿದಳು. ಡೊಂಬಿವಲಿಯಿಂದ ಕಾಮೋಠೆಯವರೆಗೆ ಜನ ನೋಡಿದರು. ಗೋಪುರದ ಮುಂದೆ ವಿನೋದಾ, ಮಲಗಿದ ಬುದ್ಧನ ಮುಂದೆ ವಿನೋದಾ, ಮರದ ಬೇರಿನ ನಡುವೆ ಸಿಕ್ಕಿಕೊಂಡ ಬುದ್ಧನ ತಲೆಯ ಮುಂದೆ ವಿನೋದಾ. ಬಂಗೇರರು ಎಲ್ಲೂ ಇಲ್ಲ. ಅವರಿದ್ದ ಫೋಟೊ ಮೂರೇ ಮೂರು. ಒಂದು ಮಾಲಿನ ಎಸ್ಕಲೇಟರಿನ ಮೇಲೆ, ಒಂದು ಮಾಲಿನ ಗಾಜಿನ ಬಾಗಿಲಲ್ಲಿ, ಒಂದು ಎತ್ತರದ ಕಟ್ಟಡದ ಬುಡದಲ್ಲಿ.

"ಇದು ವಾಶಿ" ಎಂದ ವಸಂತಕುಮಾರ, ಕಾಮೋಠೆಯ ದಾರಿಯಲ್ಲಿ ಸಿಗುವ ಊರನ್ನು ಹೆಸರಿಸಿ.

ಈ ವಸಂತಕುಮಾರ ನಮ್ಮ ರೈಲು ಡಬ್ಬಿಯಲ್ಲಿ ಎಲ್ಲ ತಿಳಿದವನು. ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ, ಆದ್ದರಿಂದ ಯಾರನ್ನೂ ನಂಬುವುದಿಲ್ಲ. ಮರುದಿನ ಎಂಟು ಎರಡರಲ್ಲಿ ಅವನು ಎಲ್ಲರ ಮುಂದೆ ವಿವರಿಸಿದ. "ಹೊಸ ಮಾಲ್ ಎಲ್ಲ ಊರಲ್ಲೂ ಒಂದೇ ಥರ ಕಣಣ್ಣ. ಈ ಎಸ್ಕಲೇಟರ್ ವಾಶೀದು. ಅತ್ತಿಗೇನ ಪ್ಲೇನ್ ಹತ್ತಿಸಿ ಇವ್ರು ಐದು ದಿನ ವಾಶಿ ಪಕ್ಕದ ಸಾನಪಾಡಾದಲ್ಲಿ ಇದ್ರು."

ಬಂಗೇರರು ಪಾಸ್‌ಪೋರ್ಟ್ ತಂದು ಮುದ್ರೆ ತೋರಿಸಿದರು. ವಸಂತಕುಮಾರ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಭಾವನ ಭಿವಂಡಿ ಗೋದಾಮಿನ ಗೇಟ್‌ಪಾಸ್ ಮುದ್ರೆ ಇದಕ್ಕಿಂತ ಚೆನ್ನಾಗಿರುತ್ತೆ" ಎಂದು ಹಿಂದಿರುಗಿಸಿದ.

ಸುದ್ದಿ ಲಿಫ್ಟಿನಲ್ಲಿ ಹತ್ತಿ ಇಳಿದು ಬೆಳೆಯಿತು. ಎರಡನೇ ಮಹಡಿಯಲ್ಲಿ ಬಂಗೇರರನ್ನು ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದರಂತೆ ಎಂದಾಯಿತು. ಐದನೇ ಮಹಡಿಗೆ ಬರುವಷ್ಟರಲ್ಲಿ ಗಂಡ ಹೆಂಡತಿಗೆ ಮಾತಿಲ್ಲ, ಆಕೆ ಸಿಟ್ಟಿನಿಂದ ಒಬ್ಬಳೇ ದೇಶಾಂತರ ಹೋದಳು ಎಂದಾಯಿತು. ಸೊಸೈಟಿಯ ಸೆಕ್ರೆಟರಿ ಕುಲಕರ್ಣಿಯವರು ಬಂಗೇರರನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ಅಹೋ ಬಂಗೇರ ಸಾಹೇಬ, ಕಾಯ್ ಝಾಲಂ? ಕಾಹೀ ಮದತ್ ಪಾಯಿಜೆ ಕಾ?" ಎಂದು, ಏನಾಯಿತು, ಏನಾದರೂ ಸಹಾಯ ಬೇಕೇ ಎಂಬುದನ್ನು ಮರಾಠಿಯಲ್ಲಿ, ಸಾವಿನ ಮನೆಯ ಧ್ವನಿಯಲ್ಲಿ ವಿಚಾರಿಸಿದರು. ಕಾಮೋಠೆಯಿಂದ ವಾರಿಜಕ್ಕ ದಿನಕ್ಕೆರಡು ಸಲ ಫೋನ್ ಮಾಡಿ, "ವಿನ್ನೂ, ನನ್ನತ್ರ ಮುಚ್ಚಿಡ್ಬೇಡ, ನಾನು ಯಾರಿಗೂ ಹೇಳೂದಿಲ್ಲ" ಎಂದು ತಂಗಿಗೆ ಧೈರ್ಯ ಹೇಳತೊಡಗಿದರು. ಅವರು ಅದುವರೆಗೆ ಯಾರಿಗೂ ಹೇಳದೆ ಉಳಿಸಿದ್ದು ಏನೂ ಇರಲಿಲ್ಲ.

ವಿನೋದಾ ಮಾತ್ರ ಒಂದಕ್ಷರ ಆಡಲಿಲ್ಲ. ದಿನಾ ಸಂಜೆ ಹಾಲ್ ಗುಡಿಸಿ, ಆ ಮೊಳೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರಂತೆ. ಹೆಂಡತಿ ಬೈದರೆ ಗಂಡನಾದವನು ತಡೆದುಕೊಳ್ಳಬಹುದು. ಖಾಲಿ ಮೊಳೆ ಒರೆಸುವುದನ್ನು ತಡೆದುಕೊಳ್ಳುವುದು ಕಷ್ಟ. ಒಂದು ಬೆಳಿಗ್ಗೆ ಉಲ್ಟಾ ಹೋಗುವ ಗಾಡಿಯಲ್ಲಿ ನಾವಿಬ್ಬರೇ ಇದ್ದಾಗ ಬಂಗೇರರು ಬಾಯಿ ಬಿಟ್ಟರು.

"ರಾಯರೇ, ನಾನು ಹೋದದ್ದು ಹೌದು. ನೋಡಿದ್ದು ಇಲ್ಲ."

"ಅಂದ್ರೆ?"

"ಆಯುತ್ಥಾಯಕ್ಕೆ ಬೆಳಿಗ್ಗೆ ಮಿನಿ ಬಸ್ಸು. ಪೃಥ್ವಿರಾಜ್ ಅಂತ ನಮ್ಮ ಟೂರ್ ಮ್ಯಾನೇಜರು. ಬೇರೆ ದಿನ ಎಲ್ಲ ಅವನೇ ನಂಬರ್ ಪ್ರಕಾರ ಕೂರಿಸ್ತಿದ್ದ. ಆವತ್ತು ಮಾತ್ರ ಫ್ರೀ ಸೀಟಿಂಗ್ ಅಂದುಬಿಟ್ಟ. ಫ್ರೀ ಸೀಟಿಂಗ್ ಅಂತ ಕೇಳಿದ ಮೇಲೆ ನನ್ನ ಕೈಕಾಲು ನನ್ನ ಮಾತು ಕೇಳ್ತದಾ ಹೇಳಿ?"

ಬಸ್ಸು ನಿಲ್ಲುವ ಮೊದಲೇ ಬಂಗೇರರು ಹಾರಿದ್ದರು. ಇಪ್ಪತ್ತಮೂರು ಮಂದಿ ಸಹಪ್ರಯಾಣಿಕರು ಸಾಲಾಗಿ ನಿಂತು ನೋಡುತ್ತಿದ್ದರು. ಬಂಗೇರರಿಗೆ ಕಿಟಕಿ, ಪಕ್ಕದ ಸೀಟಿಗೆ ವಿನೋದಾ ಹೆಸರಿನಲ್ಲಿ ಕರ್ಚೀಫು. ಬಸ್ಸು ಅಲುಗಿತು, ಬಂಗೇರರಿಗೆ ನಿದ್ದೆ. ಸರಿಯಾಗಿ ಒಂದು ಗಂಟೆ ಹತ್ತು ನಿಮಿಷಕ್ಕೆ ಎಚ್ಚರವಾಗಿ, ಬ್ಯಾಗು ಎದೆಗೆ ಹಾಕಿಕೊಂಡು, ಹೆದ್ದಾರಿಯಲ್ಲಿ ಓಡುವ ಬಸ್ಸಿನ ಬಾಗಿಲಿಗೆ ಹೋಗಿ ನಿಂತರು. ಪೃಥ್ವಿರಾಜ್ "ಅಂಕಲ್, ಬೈಠೋ! ಬೈಠೋ!" ಎಂದು ಕಿರುಚಿದ ಮೇಲೆ ಇದು ಭಾಯಖಳಾ ಅಲ್ಲವೆಂದು ಗೊತ್ತಾಯಿತು.

"ಮೊದಲನೇ ದೇವಸ್ಥಾನ ಬಂತು. ಎಲ್ಲರೂ ಇಳಿದ್ರು. ನಾನು ಹಿಂದೆ ತಿರುಗಿ ನೋಡ್ತೇನೆ, ಪುಣೆಯ ಒಬ್ಬ ಜನ ನನ್ನ ಕಿಟಕಿಯನ್ನೇ ನೋಡ್ತಾ ಇದ್ದಾನೆ. ಅವನ ಕಣ್ಣು ಸರಿ ಇಲ್ಲ. ನಾನು ವಿನೋದಾಳತ್ರ ಹೇಳಿದೆ, ನೀನು ಹೋಗಿ ನೋಡಿ ಬಾ, ನಾನು ಸೀಟು ನೋಡ್ಕೊಳ್ತೇನೆ, ಮುಂದಿನ ದೇವಸ್ಥಾನದಲ್ಲಿ ಫೋಟೊ ತೆಗೆಸುವ ಅಂತ."

"ಮುಂದಿನದರಲ್ಲಿ?"

"ಒಳಗೆ ಏಸಿ. ಹೊರಗೆ ಇಂಜಿನ್ ಚಾಲೂ. ಕಣ್ಣು ಬಿಡುವಾಗ ಮೂರೂ ದೇವಸ್ಥಾನ ಮುಗಿದು ಬಸ್ಸು ಬ್ಯಾಂಕಾಕಿಗೆ ಮುಟ್ಟಿತ್ತು." ಬಂಗೇರರ ಧ್ವನಿ ಇಳಿಯಿತು. "ಅವಳು ಕೇಳಿದ್ದು ಒಂದೇ ಒಂದು ವಸ್ತು, ರಾಯರೇ. ಇಪ್ಪತ್ತೈದು ವರ್ಷದಲ್ಲಿ ಒಂದು. ಎಂತ ಮಾಡುವುದು ಈಗ?"

ನನಗೆ ನಿಜವಾಗಿ ಕನಿಕರವಾಯಿತು. ಕನಿಕರ ಬಂದಾಗ ನಾನು ಕೊಡುವ ಸಲಹೆಗಳು ಚೆನ್ನಾಗಿರುವುದಿಲ್ಲ ಎಂದು ನನ್ನ ಹೆಂಡತಿ ನಳಿನಿ ಮೊದಲಿನಿಂದಲೂ ಹೇಳುತ್ತಾಳೆ. ಆದರೂ ಕೊಟ್ಟೆ. ಸ್ಟೇಷನ್ ಪಕ್ಕದ ಫೋಟೊ ಸ್ಟುಡಿಯೊಗೆ ಅವರನ್ನು ಕರೆದೊಯ್ದೆ.

ಸ್ಟುಡಿಯೊದ ಮೋಹನದಾಸ ನಮ್ಮ ಕಷ್ಟ ಕೇಳಿ ಕಣ್ಣೂ ಮಿಟುಕಿಸಲಿಲ್ಲ. "ಹೋದ ತಿಂಗಳು ಒಬ್ಬರನ್ನು ಅವರ ತಮ್ಮನ ಮದುವೆಗೆ ಹಾಕಿ ಕೊಟ್ಟೆ. ಅವರು ಆಗ ಮಸ್ಕತ್ತಿನಲ್ಲಿದ್ದರು. ತಲೆಯಿಂದ ಕಾಲಿನವರೆಗೆ ಇರುವ ಒಂದು ಫೋಟೊ ತನ್ನಿ, ಎಲ್ಲಿ ಬೇಕಾದರೂ ನಿಲ್ಲಿಸುತ್ತೇನೆ."

ಮಾಲಿನ ಫೋಟೊಗಳನ್ನು ಊರೆಲ್ಲ ನೋಡಿಯಾಗಿದ್ದರಿಂದ ಬಂಗೇರರ ಮನೆಯ ಆಲ್ಬಮ್ಮುಗಳನ್ನೆಲ್ಲ ಜಾಲಾಡಿದೆವು. ಇಪ್ಪತ್ತೈದು ವರ್ಷಗಳ ಫೋಟೊಗಳಲ್ಲಿ ಅವರು ಒಂದೋ ಉಣ್ಣುತ್ತಿದ್ದರು, ಇಲ್ಲವೇ ನಿದ್ದೆ ಮಾಡುತ್ತಿದ್ದರು. ಕಣ್ಣು ತೆರೆದು ನೆಟ್ಟಗೆ ನಿಂತ ಫೋಟೊ ಒಂದೇ ಸಿಕ್ಕಿತು. ಅದರಲ್ಲಿ ರೇಷ್ಮೆ ಪಂಚೆ, ಹೆಗಲಿಗೆ ಶಾಲು, ಎರಡೂ ಕೈಯಲ್ಲಿ ಹಿಡಿದ ಹರಿವಾಣ, ಹರಿವಾಣದಲ್ಲಿ ಜುಟ್ಟಿನ ತೆಂಗಿನಕಾಯಿ, ಬಾಳೆಹಣ್ಣು. ಮೋಹನದಾಸ ಅವರನ್ನು ಅಂಚು ನೋಡಿ ಕತ್ತರಿಸಿ, ನಿಕಿತಾ ಇನ್ನೂ ಯಾರಿಗೂ ತೋರಿಸದ ಬೇರೆ ಫೋಟೊಗಳಲ್ಲಿ, ಮೂರೂ ದೇವಸ್ಥಾನಗಳ ಮುಂದೆ ವಿನೋದಾ ಪಕ್ಕಕ್ಕೆ ನಿಲ್ಲಿಸಿದ.

"ಪಪ್ಪಾ, ಶ್ಯಾಡೋ ಉಲ್ಟಾ ಹೈ" ಎಂದು ನೆರಳು ತಿರುಗಿ ಬಿದ್ದದ್ದನ್ನು ತೋರಿಸಿದಳು ನಿಕಿತಾ, ಫೋಟೊಗಳನ್ನು ಲ್ಯಾಪ್‌ಟಾಪಿಗೆ ಹಾಕುವಾಗ. "ಔರ್ ಯೇ ನಾರಿಯಲ್ ಕ್ಯೂಂ ಹೈ?"

"ನಮ್ಮಲ್ಲಿ ದೇವಸ್ಥಾನಕ್ಕೆ ಬರಿಗೈಯಲ್ಲಿ ಹೋಗುವುದಿಲ್ಲ" ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಭಾಷಣವನ್ನೂ ನಾನೇ ನಾಲ್ಕು ಪುಟ ಬರೆದುಕೊಟ್ಟೆ.

ಇಪ್ಪತ್ಮೂರರ ಭಾನುವಾರ ಸಂಜೆ ಕೂಟದ ಸಭೆ ನಡೆಯುವ ಶಾಲೆಯ ಹಾಲ್ ತುಂಬಿತ್ತು. ಸಾಮಾನ್ಯವಾಗಿ ಕೂಟದ ಭಾಷಣಕ್ಕೆ ಹದಿನೈದು ಮಂದಿ ಬರುತ್ತಾರೆ, ಅದರಲ್ಲಿ ಆರು ಮಂದಿ ಮುರಾರಿ ಶೆಟ್ಟರ ಹೋಟೆಲಿನವರು. ಅಂದು ಎಂಬತ್ತಕ್ಕೂ ಹೆಚ್ಚು ಜನ. ಬಂಗೇರರು ಹೋಗಿದ್ದರೇ ಇಲ್ಲವೇ ಎಂಬುದು ಅಷ್ಟು ಮುಖ್ಯ ವಿಷಯವಾಗಿತ್ತು. ಕುಲಕರ್ಣಿಯವರು ಕನ್ನಡ ಬಾರದಿದ್ದರೂ ಬಂದು ಎರಡನೇ ಸಾಲಿನಲ್ಲಿ ಕುಳಿತಿದ್ದರು. ಮುಂದಿನ ಸಾಲಿನಲ್ಲಿ ವಿನೋದಾ, ಅವರ ಎಡಕ್ಕೆ ನಳಿನಿ, ಬಲಕ್ಕೆ ಕಾಮೋಠೆಯಿಂದ ಬಂದ ವಾರಿಜಕ್ಕ. ವಾರಿಜಕ್ಕ ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳಲು ವಿನೋದಾ ಎರಡು ಸಲ ಪ್ರಯತ್ನಿಸಿದ್ದು ನನಗೆ ಕಾಣಿಸಿತು.

ಬಂಗೇರರು ಚೆನ್ನಾಗಿಯೇ ಶುರು ಮಾಡಿದರು. ನಾನೂರಕ್ಕೂ ಹೆಚ್ಚು ವರ್ಷ ಮೆರೆದ ರಾಜಧಾನಿ, ಸಾವಿರದ ಏಳುನೂರ ಅರವತ್ತೇಳರಲ್ಲಿ ಬರ್ಮಾದವರು ಬಂದು ಸುಟ್ಟದ್ದು, ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳಿದರು. "ಆ ಗೋಪುರದ ಮುಂದೆ ನಿಂತಾಗ ನನ್ನ ಮೈ ಜುಮ್ಮೆಂದಿತು" ಎಂಬ ನನ್ನ ವಾಕ್ಯಕ್ಕೆ ಚಪ್ಪಾಳೆ ಬಿತ್ತು. ಪರದೆಯ ಮೇಲೆ ಮೊದಲನೇ ಫೋಟೊ ಬಂತು. ಗೋಪುರ, ವಿನೋದಾ, ಹರಿವಾಣ ಹಿಡಿದ ಬಂಗೇರರು.

ವಿನೋದಾ ತಟ್ಟನೆ ನೆಟ್ಟಗೆ ಕುಳಿತರು. ಸಭೆ ಉಸ್ಸೆಂದಿತು. ವಸಂತಕುಮಾರನ ಮುಖ ಸಣ್ಣಗಾಯಿತು.

ಹಿಂದಿನ ಸಾಲಿನ ಒಬ್ಬ ಅಜ್ಜಿ ಕೈ ಮುಗಿದರು. "ಅಲ್ಲಿ ಸಹ ಹಣ್ಣುಕಾಯಿ ಮಾಡಿಸ್ತಾರಾ ಮಗಾ?"

"ಮಾಡಿಸ್ತಾರೆ" ಎಂದರು ಬಂಗೇರರು. ಇದು ಭಾಷಣದಲ್ಲಿರಲಿಲ್ಲ.

"ತೆಂಗಿನಕಾಯಿ ಸಿಗ್ತದಾ ಅಲ್ಲಿ?"

"ಇಲ್ಲಿಂದಲೇ ತಕೊಂಡು ಹೋದದ್ದು."

ಎರಡನೇ ಫೋಟೊ ಬಂತು. ಬೇರಿನೊಳಗಿನ ಬುದ್ಧನ ತಲೆ, ಪಕ್ಕದಲ್ಲಿ ಅದೇ ಬಂಗೇರರು, ಅದೇ ಹರಿವಾಣ. ಮೂರನೆಯದೂ ಬಂತು. ಮಲಗಿದ ಬುದ್ಧ, ನಿಂತ ಬಂಗೇರರು, ಹರಿವಾಣ.

"ಮೂರು ದೇವಸ್ಥಾನಕ್ಕೂ ಒಂದೇ ಕಾಯಾ?" ಎಂದು ಅಜ್ಜಿ ದುಃಖದಿಂದ ಕೇಳಿದರು. "ಒಂದರಲ್ಲೂ ಒಡೆಯಲಿಲ್ಲವಾ?"

ಬಂಗೇರರು ನನ್ನ ಕಡೆ ನೋಡಿದರು. ನಾನು ಸೀಲಿಂಗ್ ಫ್ಯಾನಿನ ಕಡೆ ನೋಡಿದೆ. ಅಷ್ಟರಲ್ಲಿ ವಾರಿಜಕ್ಕ ಎದ್ದು ನಿಂತು ಪರದೆಯ ಹತ್ತಿರ ಹೋದರು. ಕನ್ನಡಕ ಮೇಲಕ್ಕೆತ್ತಿ, ಬಂಗೇರರ ಎಡ ಸೊಂಟದ ಹತ್ತಿರ ಅಂಟಿಕೊಂಡಿದ್ದ ಒಂದು ಸಣ್ಣ ತುಂಡನ್ನು ನೋಡಿದರು. ಆಮೇಲೆ ಶಾಲೆಯ ಗೋಡೆ ನಡುಗುವಂತೆ ಕೂಗಿದರು.

"ಅದು ನನ್ನ ಮೊಣಕೈ!"

ಯಾರಿಗೂ ಏನೂ ಅರ್ಥವಾಗಲಿಲ್ಲ.

"ನನ್ನ ಮೊಣಕೈ ಅದು! ನನ್ನ ಬಳೆ ನನಗೆ ಗುರ್ತ ಸಿಗೂದಿಲ್ಲವಾ? ಆ ಕಾಯಿ ನಾನು ಕೊಟ್ಟದ್ದು, ಆ ಶಾಲು ನಾನು ಹಾಕಿದ್ದು! ಇದು ನಮ್ಮ ಗೃಹಪ್ರವೇಶ! ಇದು ಕಾಮೋಠೆ!"

"ನಾನು ವಾಶಿ ಅಂದಿದ್ದೆ" ಎಂದ ವಸಂತಕುಮಾರ, ಅಷ್ಟು ಹತ್ತಿರ ಬಂದದ್ದಕ್ಕೆ ಸಮಾಧಾನಪಟ್ಟು.

ಸಭೆಯಲ್ಲಿ ಗದ್ದಲವೆದ್ದಿತು. ಕುಲಕರ್ಣಿಯವರು "ಕಾಯ್ ಝಾಲಂ, ಕಾಯ್ ಝಾಲಂ?" ಎಂದು ಎಲ್ಲರನ್ನೂ ಕೇಳುತ್ತಿದ್ದರು. ಪಾಪ, ಮುರಾರಿ ಶೆಟ್ಟರ ಪಾಡು ಎಲ್ಲರಿಗಿಂತ ಕಷ್ಟ. ಅವರು ಶಾಲನ್ನು ಪೊಟ್ಟಣದಿಂದ ಹೊರಗೆ ತೆಗೆದು ಬಿಡಿಸಿ ಹಿಡಿದುಕೊಂಡಿದ್ದರು. ಸಭೆಯಲ್ಲಿ ಒಮ್ಮೆ ಬಿಡಿಸಿದ ಶಾಲನ್ನು ಯಾರಿಗಾದರೂ ಹೊದೆಸಲೇಬೇಕು. ಅವರು ಅದನ್ನು ಹಿಡಿದು ಬಂಗೇರರ ಕಡೆ ಎರಡು ಹೆಜ್ಜೆ ಇಡುವುದು, ಮತ್ತೆ ಹಿಂದಕ್ಕೆ ಬರುವುದು ಮಾಡುತ್ತಿದ್ದರು.

ಬಂಗೇರರು ನನ್ನ ನಾಲ್ಕು ಪುಟಗಳನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಮೈಕಿನ ಮುಂದೆ ನಿಂತರು. ಒಂದೇ ಒಂದು ಮುಖವನ್ನು ನೋಡಿ ಮಾತಾಡಿದರು.

"ನಾನು ಹೋದದ್ದು ಹೌದು. ನೋಡಿದ್ದು ಇಲ್ಲ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು, ಹೋಗ್ತದೆ ಅಂತ ಹೆದರಿ ಇಳಿಯಲಿಲ್ಲ. ಮತ್ತೆ ನಿದ್ದೆ ಬಂತು. ಇವಳು ಒಂದು ಫೋಟೊ ಕೇಳಿದ್ದಳು. ಮೊಳೆ ಸಹ ನಾನೇ ಹೊಡೆದಿದ್ದೆ. ತಪ್ಪಾಯ್ತು. ದೊಡ್ಡ ತಪ್ಪಾಯ್ತು ವಿನೋದಾ."

ವಾರಿಜಕ್ಕ ಪರದೆಯ ಹತ್ತಿರದಿಂದಲೇ ಕೇಳಿದರು.

"ಹೋದದ್ದು ಹೌದು ಅಂತ ಹೇಳಿದ್ರೆ ಆಯ್ತಾ? ಸಾಕ್ಷಿ ಎಂತ ಉಂಟು?"

ಆಗ ವಿನೋದಾ ಎದ್ದರು. ಅಕ್ಕನ ಕಡೆ ನೋಡಲೂ ಇಲ್ಲ. ಪರ್ಸಿನಿಂದ ಮೊಬೈಲ್ ತೆಗೆದು ಮಗಳ ಕೈಗೆ ಕೊಟ್ಟರು. "ನಿಕಿತಾ, ಅದನ್ನು ಹಾಕು."

"ಮಮ್ಮೀ, ವೋ ವಾಲಾ?" ನಿಕಿತಾ ಗಾಬರಿಯಾದಳು. "ಪಕ್ಕಾ?"

"ಹಾಕು ಹೇಳಿದೆ."

ಮೋಹನದಾಸನ ಕೈಚಳಕ ಪರದೆಯಿಂದ ಹೋಗಿ ಹೊಸ ಫೋಟೊ ಒಂದು ಬಂತು. ವಿನೋದಾ ಬಸ್ಸಿಗೆ ಬೆನ್ನು ಹಾಕಿ, ಮೊಬೈಲನ್ನು ತಮ್ಮ ಕಡೆ ತಿರುಗಿಸಿ ತಾವೇ ತೆಗೆದುಕೊಂಡ ಫೋಟೊ. ಅವರ ಹೆಗಲ ಹಿಂದೆ ಬಸ್ಸಿನ ಕಿಟಕಿ. ಕಿಟಕಿಯ ಒಳಗೆ ಬಂಗೇರರು. ಮೂಗು ಗಾಜಿಗೆ ಒತ್ತಿ ಚಪಾತಿಯಾಗಿತ್ತು, ಬಾಯಿ ತೆರೆದಿತ್ತು, ಒಂದು ಕೈಯಲ್ಲಿ ಎದೆಗೆ ಬ್ಯಾಗು ಅಪ್ಪಿಕೊಂಡಿದ್ದರು, ಪಕ್ಕದ ಸೀಟಿನಲ್ಲಿ ಕರ್ಚೀಫು ಕಾಣುತ್ತಿತ್ತು. ಮತ್ತು ಅದೇ ಗಾಜಿನ ತುಂಬ ಎದುರಿನ ದೇವಸ್ಥಾನದ ಪ್ರತಿಬಿಂಬ ಬಿದ್ದಿತ್ತು. ನಡುವಿನ ದೊಡ್ಡ ಗೋಪುರ, ಸುತ್ತ ಸಣ್ಣ ಗೋಪುರಗಳು, ಇಟ್ಟಿಗೆಯ ಮೆಟ್ಟಿಲು, ಎಲ್ಲವೂ ಸ್ಪಷ್ಟ. ದೊಡ್ಡ ಗೋಪುರ ನೆಟ್ಟಗೆ ಬಂಗೇರರ ನೆತ್ತಿಯಿಂದ ಎದ್ದಿತ್ತು.

ಮೊದಲು ನಕ್ಕವಳು ನಳಿನಿ. ಆಮೇಲೆ ಇಡೀ ಸಭೆ ನಕ್ಕಿತು. ಎಂಟು ಎರಡರ ನಮ್ಮ ಗುಂಪಿನವರು ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಿಟಕಿಗೆ ತಲೆ, ಎದೆಗೆ ಬ್ಯಾಗು, ಪಕ್ಕದ ಸೀಟಿಗೆ ಕರ್ಚೀಫು. ಪರದೇಶಕ್ಕೆ ಹೋದರೂ ಪದ್ಧತಿ ಬಿಡದ ಮನುಷ್ಯನನ್ನು ಅವರು ಗೌರವದಿಂದ ನೋಡಿದರು. ವಸಂತಕುಮಾರನೇ ಕೂಗಿದ, "ಒಪ್ಪಿದೆ ಅಣ್ಣ! ಈ ನಿದ್ದೆ ನಿಮ್ಮದೇ!"

"ಆ ಕರ್ಚೀಫು ಯಾರಿಗೆ?" ಎಂದು ಹಿಂದಿನ ಸಾಲಿನ ಅಜ್ಜಿ ಕೇಳಿದರು. ಅವರಿಗೆ ಎಲ್ಲವೂ ವಿವರವಾಗಿ ತಿಳಿಯಬೇಕು.

"ನನಗೆ" ಎಂದರು ವಿನೋದಾ. "ಮೂರು ದೇವಸ್ಥಾನ ಮುಗಿಸಿ ನಾನು ಬರುವವರೆಗೆ ನನ್ನ ಸೀಟು ಹಾಗೆಯೇ ಇತ್ತು. ಬಸ್ಸಿನಲ್ಲಿದ್ದ ಪುಣೆಯ ಒಬ್ಬರು ಈ ಸೀಟಿನ ಆಸೆಗೆ ಎರಡು ಸ್ಟಾಪು ನಿಂತುಕೊಂಡೇ ಬಂದ್ರು, ಸಿಗಲಿಲ್ಲ ಅವರಿಗೆ. ಇಪ್ಪತ್ತೈದು ವರ್ಷದಿಂದ ಎಲ್ಲಿಗೆ ಹೋದ್ರೂ ಇವರು ನನಗೆ ಕರ್ಚೀಫು ಹಾಕಿಡ್ತಾರೆ. ನಿದ್ದೆಯಲ್ಲಿ ಸಹ ಒಂದು ಕೈ ಅದರ ಮೇಲೆಯೇ ಇರ್ತದೆ. ನೋಡಿ ಬೇಕಾದ್ರೆ."

ನಾವೆಲ್ಲ ನೋಡಿದೆವು. ಇತ್ತು.

"ಮತ್ತೆ ಈ ಫೋಟೊ ಮೊದಲೇ ಯಾಕೆ ತೋರಿಸಲಿಲ್ಲ ಮಾರಾಯ್ತಿ?" ಎಂದರು ವಾರಿಜಕ್ಕ, ಸ್ವಲ್ಪ ಮೆತ್ತಗಾಗಿ.

"ಬಾಯಿ ತೆರೆದದ್ದನ್ನು ಜನ ನೋಡಿದ್ರೆ ಇವರಿಗೆ ಬೇಜಾರಾಗ್ತದೆ ಅಂತ." ವಿನೋದಾ ಗಂಡನ ಕಡೆ ತಿರುಗಿದರು. "ಈಗ ಎಂತ, ಅದಕ್ಕಿಂತ ಹೆಚ್ಚಿನ ಮರ್ಯಾದೆ ನೀವೇ ತೆಗೆದುಕೊಂಡಾಯ್ತಲ್ಲ."

ಮುರಾರಿ ಶೆಟ್ಟರು ಇನ್ನು ತಡೆಯಲಿಲ್ಲ. ಶಾಲು ಹಿಡಿದು ಓಡಿಬಂದು ವಿನೋದಾ ಅವರಿಗೆ ಹೊದೆಸಿಬಿಟ್ಟರು. ವಿಷಯ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕುಲಕರ್ಣಿ. ಅಂದು ಶೆಟ್ಟರ ಹೋಟೆಲಿನ ಉಪ್ಪಿಟ್ಟು, ಕೇಸರಿಬಾತು ಎರಡೂ ಸಾಲದೆ ಹೋದವು.

ಎಂಟು ದಿನದೊಳಗೆ ಆ ಕಿಟಕಿ ಫೋಟೊ ಚೌಕಟ್ಟು ಸೇರಿ ಮೊಳೆಗೆ ಬಂತು. ನಾವು ದಂಪತಿ ಸಮೇತ ಹೋಗಿ ನೋಡಿದೆವು. ವಾರಿಜಕ್ಕ ಅದರ ಕೆಳಗೆ ಕುಳಿತು ಚಾ ಕುಡಿಯುತ್ತಿದ್ದರು. "ಸಿಂಹದ ಹತ್ತಿರ ಫೋಟೊ ತೆಗೆಸುವಾಗ ನಮ್ಮವರು ನನ್ನ ಮುಖ ಸಹ ನೋಡ್ತಿರಲಿಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿದರು. ನಿಕಿತಾ ಮಾತ್ರ, "ಏಕ್ ಫೋಟೊ ಮೇ ದೋ ದೋ ಪುರಾನೀ ಇಮಾರತ್" ಎಂದು, ಒಂದೇ ಫೋಟೊದಲ್ಲಿ ಎರಡೆರಡು ಹಳೇ ಕಟ್ಟಡ ಎಂಬಂತೆ ಅಪ್ಪನ ಕಡೆ ಬೆರಳು ತೋರಿಸಿ ಓಡಿದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಭಾನುವಾರ ಬಂಗೇರ ದಂಪತಿಗಳು ಕಾಮೋಠೆಗೆ ಹೊರಟರು. ಥಾಣೆಯಲ್ಲಿ ಪನ್ವೇಲ್ ಗಾಡಿ ನಿಲ್ಲುವ ಮೊದಲೇ ಬಂಗೇರರು ಎಂದಿನಂತೆ ಹಾರಿದರು, ಕಿಟಕಿ ಹಿಡಿದರು. ಆದರೆ ಕರ್ಚೀಫನ್ನು ಕಿಟಕಿಯ ಸೀಟಿಗೆ ಹಾಕಿ, ತಾವು ಪಕ್ಕದಲ್ಲಿ ಕುಳಿತರು. ಮರುದಿನ ಎಂಟು ಎರಡರಲ್ಲಿ ಅವರು ನಿದ್ದೆಯನ್ನೂ ಬಿಟ್ಟು ನನಗೆ ವರದಿ ಒಪ್ಪಿಸಿದರು.

"ರಾಯರೇ, ಮೊದಲನೇ ಸ್ಟೇಷನ್ ಐರೋಲಿ ಮುಟ್ಟುವ ಮೊದಲೇ ಅವಳಿಗೆ ನಿದ್ದೆ! ನನಗೆ ನಿದ್ದೆಯೇ ಬರಲಿಲ್ಲ, ಕಿಟಕಿ ಇಲ್ಲವಲ್ಲ. ಸುಮ್ಮನೆ ಹೊರಗೆ ನೋಡಿದೆ. ಗುಡ್ಡ ಉಂಟು ಮಾರಾಯ್ರೆ ಅಲ್ಲಿ! ದೊಡ್ಡ ಗುಡ್ಡ! ಆ ಬದಿಯಲ್ಲಿ ಹಕ್ಕಿಗಳು ಕೂತಿರುವ ನೀರು! ಇದೆಲ್ಲ ಯಾವಾಗ ಬಂತು?"

"ಮೊದಲಿನಿಂದಲೂ ಇದೆ ಕಣ್ರೀ."

"ಹೌದಾ?" ಎಂದರು ಅವರು. ಆಮೇಲೆ ಮೊಬೈಲ್ ತೆಗೆದು ತೋರಿಸಿದರು. ಕಿಟಕಿಗೆ ತಲೆಯಾನಿಸಿ ವಿನೋದಾ ನಿದ್ದೆ ಹೋಗಿದ್ದರು. ಹೆಗಲಿನ ಮೇಲೆ ಸನ್ಮಾನದ ಶಾಲು, ಹಿಂದೆ ಗುಡ್ಡ. ಬಾಯಿ ಸ್ವಲ್ಪ ತೆರೆದಿತ್ತು.

"ಚೆನ್ನಾಗಿ ಬಂದಿದೆ" ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಸಂಜೆ ನಮ್ಮ ಬಾಗಿಲು ಬಡಿದ ಸದ್ದು.

"ರಾಯರೇ, ಸುತ್ತಿಗೆ ಉಂಟಾ?"

"ಬಂಗೇರರೇ, ಅದು ಜನವರಿಯಿಂದ ನಿಮ್ಮ ಮನೆಯಲ್ಲೇ ಇದೆ!"

ಬಂಗೇರರು ತಲೆ ಕೆರೆದುಕೊಂಡರು. ಎರಡು ಮೆಟ್ಟಿಲು ಹತ್ತಿದರು. ಮತ್ತೆ ಇಳಿದು ಬಂದರು.

"ಹಾಗಾದ್ರೆ ಒಂದು ಮೊಳೆ ಉಂಟಾ?"